ಎದುರು ತುದಿಯವನ ಕಪ್ಪು ಹಲಗೆ

ನಂಜನಗೂಡು–ತಿ. ನರಸೀಪುರ ರಸ್ತೆ ಅಗಲ ಮಾಡುವಾಗ ಈ ತುದಿಗೆ ನಾನು ಸೂಪರ್‌ವೈಸರ್, ಆ ತುದಿಗೆ ನನಗಿಂತ ಚಿಕ್ಕವನೊಬ್ಬ. ಅವನ ಕೆಲಸ ನನ್ನದರ ಎರಡು ಪಟ್ಟು ಓಡುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ದಿನಾ ಬೆಳಿಗ್ಗೆ ಆಳುಗಳನ್ನು ಸೇರಿಸಿ, ನಿನ್ನೆ ಕೆಲಸ ಎಲ್ಲಿ, ಯಾಕೆ ನಿಂತಿತು ಎಂದು ಕೇಳಿ ಕಪ್ಪು ಹಲಗೆಯ ಮೇಲೆ ಬರೆಯುತ್ತಾನಂತೆ. ದೊಡ್ಡ ಮೇಷ್ಟ್ರು ಇವನು ಎಂದು ಆಡಿಕೊಂಡೆ. ಮಾರನೆಯ ದಿನವೇ ನಾನೂ ಒಂದು ಹಲಗೆ ತರಿಸಿದೆ.

“ನೆನ್ನೆ ಕೆಲ್ಸ ಯಾಕ್ ನಿಂತಿತ್ತು? ಹೇಳಿ!” ಎಂದು ಸೀಮೆಸುಣ್ಣ ಹಿಡಿದು ಗದರಿದೆ. ಜಲ್ಲಿ ಹೊರುತ್ತಿದ್ದ ಹೆಡತಲೆ ಊರಿನ ಮುದುಕಿಯೊಬ್ಬಳು ಮಾತ್ರ ಬಾಯಿ ಬಿಟ್ಟಳು:

“ನೀವ್ ಬಂದು ನೋಡೋಗಂಟ ಜಲ್ಲಿ ಸುರೀಬ್ಯಾಡಿ ಅಂದಿದ್ರಲ್ಲ ಸಾ, ಕಾಯ್ತಾ ಕೂತಿದ್ವಿ. ನೀವು ಆ ಕಡೆಯೋರ ಕೆಲ್ಸ ನೋಡಕ್ಕೋಗಿದ್ರಿ.”