ಗದ್ದೆ ಮಟ್ಟದ ತಾರಸಿ

ಪುಟ್ಟಮಾದಮ್ಮನ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು, ಗಂಡ ಚಿಕ್ಕಬೋರಯ್ಯ ಒಬ್ಬನನ್ನು ಬಿಟ್ಟು. ಅವನ ಹಟವೇ ಬೇರೆ. ಮದ್ದೂರು ಸೀಮೆಗೆ ನಾಲೆ ನೀರು ಬಂದ ಮೇಲೆ ರಾಗಿ ಹೊಲವನ್ನು ಗದ್ದೆ ಮಾಡಿದವರು ಬೇಕಾದಷ್ಟು ಜನ. ಅವನ ಹಾಗೆ ಮಟ್ಟ ಮಾಡಿದವರು ಇನ್ನೊಬ್ಬರಿಲ್ಲ. ನೀರು ಕಟ್ಟಿದರೆ ಈ ಬದುವಿನಿಂದ ಆ ಬದುವಿನವರೆಗೂ ಒಂದೇ ಸಮ, ಎಲ್ಲೂ ಒಂದು ಹೆಂಟೆ ತಲೆ ಎತ್ತುತ್ತಿರಲಿಲ್ಲ. ಪಕ್ಕದೂರಿನವರು ಬಂದು ನೋಡಿ ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ತಲೆಗೇರದೆ ಇರುತ್ತದೆಯೇ?

ಕಬ್ಬು ಕೈ ಹಿಡಿದ ಮೇಲೆ, ಎರಡನೇ ಮಹಾಯುದ್ಧ ಶುರುವಾದ ವರ್ಷ, ಹೊಸ ಮನೆ ಕಟ್ಟಿಸಿದ. ಶಿವನಸಮುದ್ರದಲ್ಲಿ ಕರೆಂಟು ಕೆಲಸದವರ ಮನೆಗಳನ್ನು ನೋಡಿ ಬಂದವನು, ತನಗೂ ತಾರಸಿಯೇ ಆಗಬೇಕೆಂದ. ಊರಿಗೇ ಮೊದಲನೆಯದು. ಅವನಿಗಿಂತ ಹೆಚ್ಚು ಹಿಗ್ಗಿದ್ದು ಪುಟ್ಟಮಾದಮ್ಮ. ಅವಳ ಚೊಚ್ಚಲ ಮಗು ಹುಟ್ಟಿದ್ದು ಸೋರುವ ಹುಲ್ಲು ಮನೆಯಲ್ಲಿ. ಬಾಣಂತಿ ಕೋಣೆಯ ಥಂಡಿಗೇ ಅದು ತೀರಿಕೊಂಡಿತು. ಆ ಸಂಕಟ ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ಮಗಳು ಹೊಂಬಾಳಮ್ಮನ ಬಾಣಂತನ ಸೋರದ ಸೂರಿನ ಕೆಳಗೇ ಆಗಬೇಕೆಂದು ತಾನೇ ಮರದ ಕೊಡತಿ ಹಿಡಿದು, ಹೆಂಗಸರ ಸಾಲಿನಲ್ಲಿ ಕೂತು ತಾರಸಿಯ ಗಾರೆ ಬಡಿದಿದ್ದಳು.

ಮೊದಲ ಭರಣಿ ಮಳೆಗೇ ಆ ತಾರಸಿ ಸೋರಿತು. ನಡುಕೋಣೆಯಲ್ಲಿ ಹಿತ್ತಾಳೆ ಹಂಡೆ ಇಟ್ಟರೆ ಅದೂ ತುಂಬಿತು. ಗ್ರಹಚಾರ ನೋಡಿ, ಅವತ್ತೇ ಮಳವಳ್ಳಿಯಿಂದ ಬೀಗಿತ್ತಿ ಮುದ್ದಮ್ಮ ಬಂದು ಕೂತಿದ್ದಳು, ಬಸುರಿ ಸೊಸೆಯನ್ನು ತವರಿಗೆ ಕಳಿಸುವ ಮಾತಿಗೆ. ಹಂಡೆಯನ್ನೊಮ್ಮೆ, ಸೂರನ್ನೊಮ್ಮೆ ನೋಡಿದಳು.

"ಸೋರೋ ಮನೇಗೆ ನನ್ ಸೊಸೇನ ಬಾಣಂತನಕ್ಕೆ ಬುಡಾಕಿಲ್ಲ ಕಣವ್ವ. ಆಸಾಡದಲ್ಲಿ ಕರ್ಕಂಡ್ ಬತ್ತೀನಿ. ಒಳಗೆ ಒಣಗಿದ್ರೆ ಬುಟ್ಟೋಯ್ತೀನಿ, ಇಲ್ದಿದ್ರೆ ಅದೇ ಗಾಡೀಲಿ ವಾಪಸ್."

ಚಿಕ್ಕಬೋರಯ್ಯ ಬೈದದ್ದು ಗಾರೆ ಕೆಲಸದ ಮರಿಯಯ್ಯನನ್ನು. "ಗಾರೇಗೆ ಆಕೋ ಬೆಲ್ಲಾನ ತಿಂದ್ಬುಟ್ಟವ್ನೆ ಕಳ್ನನ್ಮಗ!" ಎಂದು ಊರ ಮುಂದೆಯೇ ಕೂಗಾಡಿದ.

ಮಳೆ ನಿಂತ ಮೇಲೆ ಪುಟ್ಟಮಾದಮ್ಮ ಏಣಿ ಹತ್ತಿದಳು. ಗೋಡೆಯಿಂದ ಗೋಡೆಗೆ ನೀರು, ಬೆರಳು ಮುಳುಗುವಷ್ಟು, ಒಂದೇ ಸಮ. ಮೂಲೆಯಲ್ಲಿ ನೀರು ಹೊರಗೆ ಬೀಳಲು ಕಲ್ಲಿನ ದೋಣಿ ಇತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತಷ್ಟೆ, ಉಳಿದದ್ದೆಲ್ಲ ನಿಂತು ಒಳಗೆ ಇಂಗುತ್ತಿತ್ತು. ಆಗ ನೆನಪಾಯಿತು. ದೋಣಿ ಕಡೆಗೆ ಇಳಿಜಾರು ಕೊಡುತ್ತೇನೆಂದು ಮರಿಯಯ್ಯ ದಾರ ಕಟ್ಟಿದ್ದ. "ನನ್ ಮನೆ ಮ್ಯಾಲೆ ಓರೆ ಕೆಲ್ಸ ನಡಿಯಾಕಿಲ್ಲ" ಎಂದು ಗಂಡ ಆ ದಾರ ಬಿಚ್ಚಿಸಿ, ಕೊಡದಲ್ಲಿ ನೀರು ಹುಯ್ದು ನೋಡಿ ನೋಡಿ ಮಟ್ಟ ಮಾಡಿಸಿದ್ದ! ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಅವನನ್ನು ಮೇಲಕ್ಕೆ ಕರೆದಳು.

"ಪೈರು ಕಿತ್ಕಂಬರ್ಲಾ? ನಾಟಿ ಆಕ್ಬುಡಾನ. ಎಂತಾ ಮಟ್ಟ ಮಾಡ್ಸಿದ್ದೀಯ, ನಮ್ಮಪ್ಪ!"

ಅವನ ಮುಖ ಕಪ್ಪಿಟ್ಟಿತು. "ಮಟ್ಟದ್ ಸುದ್ದಿಗೆ ಬರ್ಬ್ಯಾಡ. ಕೆಟ್ಟಿರಾದು ಗಾರೆ" ಎಂದವನೇ ಇಳಿದು ಗದ್ದೆ ಕಡೆ ಹೋದ.

ಪುಟ್ಟಮಾದಮ್ಮ ಅವನ ಸಿಟ್ಟು ಇಳಿಯಲೆಂದು ಕಾಯುವವಳಲ್ಲ. ಬೆಳಗಾಗುತ್ತಲೇ ಮರಿಯಯ್ಯನ ಮನೆ ಬಾಗಿಲಲ್ಲಿ ನಿಂತಳು.

"ಬೆಲ್ಲದ್ ಕಳ್ಳ ಅನ್ನುಸ್ಕಂಡು ಇನ್ನೊಂದ್ಸಲ ಆ ಏಣಿ ಅತ್ಲಾ? ಬರಾಕಿಲ್ಲ ಕಣವ್ವ."

"ತಪ್ಪು ನಮ್ದು ಕಣಣ್ಣ. ದಾರ ಬಿಚ್ಚಿಸಿದ್ ದಿನ ನಾನೂ ಅಲ್ಲೇ ಇದ್ದೆ, ಬಾಯಿ ಬುಡ್ನಿಲ್ಲ. ಊರ್ಗೆಲ್ಲ ಬಾಯಿ ಮಾಡೋಳು, ಅವತ್ತು ಸುಮ್ನಿದ್ದೆ. ಈಗ ನನ್ ಮಗಳ ಬಾಣಂತನ ಓಯ್ತದೆ. ಏಳು."

ಅವನು ಎದ್ದ. ದೂರದ ಗೋಡೆಯ ಹತ್ತಿರ ದಪ್ಪಗೆ, ದೋಣಿಯ ಹತ್ತಿರ ತೆಳ್ಳಗೆ ಬರುವ ಹಾಗೆ ಹಳೆಯದರ ಮೇಲೆ ಹೊಸ ಗಾರೆ ಹರಡಿಸಿದ. ಹೆಂಗಸರು ಸಾಲು ಕೂತು ಬಡಿಯತೊಡಗಿದರು. ಚಿಕ್ಕಬೋರಯ್ಯ ಅಂಗಳದ ಹೊಂಗೆ ಮರದಡಿ ಬೆನ್ನು ತಿರುಗಿಸಿ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ದಡದಡ ಏಣಿ ಹತ್ತಿದ.

ಬಡಿತ ನಿಂತುಹೋಯಿತು. ಪುಟ್ಟಮಾದಮ್ಮ ಕೊಡತಿ ಹಿಡಿದೇ ಎದ್ದು ಅಡ್ಡ ನಿಂತಳು. "ಕೆಲ್ಸ ನಿಲ್ಸಿದ್ರೆ ನೋಡು, ಇವತ್ತು ನಾನಿದ್ದೀನಿ ಇಲ್ಲಾ ನೀನಿದ್ದೀಯ."

ಅವನು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗದ್ದೆ ನೋಡುವ ಹಾಗೆ ಗಾರೆಯ ಉದ್ದಕ್ಕೂ ನೋಡಿದ.

"ಮರಿಯಣ್ಣ, ಆ ಮಗ್ಗುಲು ತಗ್ಗದೆ. ಅಲ್ಲಿ ನೀರು ನಿಂತ್ಕತದೆ." ಆಮೇಲೆ ಸಣ್ಣ ದನಿಯಲ್ಲಿ, "ಬೆಲ್ಲದ್ ಮಾತು ಮನ್ಸಲ್ಲಿ ಇಟ್ಕಬ್ಯಾಡ ಕಣಪ್ಪ" ಎಂದ.

ಮರಿಯಯ್ಯ ಕರಣೆ ತೆಗೆದುಕೊಂಡು ಆ ಮಗ್ಗುಲಿಗೆ ಹೋದ. ಸಂಜೆಯವರೆಗೂ ಚಿಕ್ಕಬೋರಯ್ಯ ತಗ್ಗು ಹುಡುಕಿ ಹುಡುಕಿ ಹೆಂಗಸರ ಪ್ರಾಣ ತಿಂದ.

ಆಷಾಢದಲ್ಲಿ ಮುದ್ದಮ್ಮನ ಗಾಡಿ ಬಂತು, ಹಿಂದೆಯೇ ಮಳೆಯೂ ಬಂತು. ಕೊಟ್ಟ ನೀರನ್ನೂ ಕುಡಿಯದೆ ಮುದ್ದಮ್ಮ ನೇರ ನಡುಕೋಣೆಗೆ ಹೋಗಿ ಸೂರು ನೋಡುತ್ತಾ ಕೂತಳು. ಹೊಂಬಾಳಮ್ಮ ಹೊಸಿಲ ಹತ್ತಿರವೇ ಗಂಟು ಹಿಡಿದು ನಿಂತಿದ್ದಳು. ಹೊರಗೆ ದೋಣಿಯಿಂದ ನೀರು ಧೋ ಎಂದು ಸುರಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಮುದ್ದಮ್ಮ ಅಂಗೈಯಿಂದ ನೆಲ ಸವರಿದಳು.

"ಗಂಟು ಒಳೀಕೆ ತತ್ತಾ ಕಣಮ್ಮಿ" ಎಂದಳು ಸೊಸೆಗೆ.

ಪುಟ್ಟಮಾದಮ್ಮನಿಗೆ ಕಣ್ಣು ತುಂಬಿ ಬಂತು. ಉಳಿಯದ ಆ ಚೊಚ್ಚಲ ಮಗುವನ್ನು ನೆನೆದು ಅತ್ತಳು, ಯಾರಿದ್ದಾರೆಂದೂ ನೋಡದೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ನಡುಕೋಣೆಯ ಮೂಲೆಯಲ್ಲಿದ್ದ ಹಿತ್ತಾಳೆ ಹಂಡೆಯನ್ನು ಎತ್ತಿ ಹೊರಗೆ ತಂದು ದೋಣಿಯ ಕೆಳಗೆ ಇಟ್ಟಳು. ಅಲ್ಲಿ ಗೋಣಿ ಹೊದ್ದು ನಿಂತಿದ್ದ ಚಿಕ್ಕಬೋರಯ್ಯ, "ಇದ್ಯಾಕೆ?" ಎಂದ.

"ಮಗಳು ನೀರು ಉಯ್ಕಬ್ಯಾಡ್ವಾ? ಒಲೆ ಅತ್ಸು, ಓಗು."