ಬಾಯಿಪಾಠವಿಲ್ಲದ ರಾಣಿ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಾನು ಸತ್ತೆ.

ಸ್ಥಳ, ಹೊಸಪೇಟೆಯ ಒಂದು ಸೈಬರ್ ಕೆಫೆಯ ಹಿಂದಿನ ಕೋಣೆ. ಕೊಂದವರು ನನ್ನ ಸ್ವಂತ ಚಿಕ್ಕಮ್ಮ. ಒಂದೇ ಏಟು! ಸತ್ತ ಮೇಲೆ ನನಗೆ ಚಹಾ, ಬಿಸಿ ಮಿರ್ಚಿ ಬಜ್ಜಿ ಸಿಕ್ಕವು. (ಇಷ್ಟು ಸುಖದ ಸಾವು ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ?)

ಗಾಬರಿಯಾಗಬೇಡಿ. ಅದೊಂದು ಆಟ.

ಆ ಕೆಫೆ ಸುಮಾಳದು. ಹಂಪಿಗೆ ಬಂದಿದ್ದ ಪರದೇಶದ ಪ್ರವಾಸಿಯೊಬ್ಬ ಮೇಲ್ ನೋಡಲು ಅಲ್ಲಿಗೆ ಬರುತ್ತಿದ್ದನಂತೆ. ಊರಿಗೆ ಹೊರಡುವ ಮುಂಚೆ ಆಕೆಗೆ ಈ ಆಟ ಕಲಿಸಿ, ಇಪ್ಪತ್ತು ಮುಖದ ಒಂದು ದಾಳವನ್ನೂ ಕೊಟ್ಟುಹೋದ. ಟೇಬಲ್ಲಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬರು ಸೂತ್ರಧಾರಿ. ಕಾಡು, ಕೋಟೆ, ರಾಕ್ಷಸ, ಮಾಟ ಎಲ್ಲ ಅವರ ಬಾಯಲ್ಲೇ ಹುಟ್ಟಬೇಕು. ಕತ್ತಿ ಬೀಸುತ್ತೇನೆ ಅಂದಿರಾ? ದಾಳ ಹಾಕಿ. ದೊಡ್ಡ ಅಂಕಿ ಬಿದ್ದರೆ ಗೆದ್ದಿರಿ. ಒಂದು ಬಿದ್ದರೆ ನಿಮ್ಮ ಕತೆ ಮುಗಿಯಿತು.

ಸುಮಾಳ ಗಂಡ ನಾಗರಾಜ ಸಂಡೂರಿನ ಗಣಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಹವ್ಯಾಸಿ ನಟ ಬೇರೆ. ಅವನೇ ಈ ಆಟವನ್ನು ನಾಟಕ ಮಾಡಿದ್ದು. ದನಿ ಬದಲಿಸಿ ಅಭಿನಯಿಸುವುದು, ಎದುರಿನವರು ಏನೇ ಹೇಳಿದರೂ ಇಲ್ಲ ಅನ್ನದೆ ಮುಂದುವರಿಸುವುದು. ಅದನ್ನು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಅಂತ ಇಂಟರ್ನೆಟ್ಟಿಗೆ ಹಾಕುತ್ತಾರೆ. ರೇಡಿಯೋ ಇದ್ದಂತೆ, ಆದರೆ ಬೇಕಾದಾಗ ಕೇಳಬಹುದು. ಅದಿರು ಲಾರಿಗಳ ಹಾರನ್ ಬರಬಾರದೆಂದು ಕಿಟಕಿ ಬಂದ್. ಗರಗರ ಅನ್ನುತ್ತದೆಂದು ಫ್ಯಾನೂ ಬಂದ್. ನಮ್ಮ ಹೊಸಪೇಟೆಯ ಬಿಸಿಲಿನಲ್ಲಿ! ಕಲೆಗಾಗಿ ಬೆವರು ಸುರಿಸುವುದು ಅಂದರೆ ಇದೇ.

ಆ ಭಾನುವಾರ ನಾನು ಅತಿಥಿ ಸೇನಾಪತಿ. ಕಣ್ಣು ತೋರಿಸಲೆಂದು ಕಂಪ್ಲಿಯಿಂದ ಬಂದಿದ್ದ ಶಾರದಾ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ಚಿಕ್ಕಮ್ಮನ ಬಗ್ಗೆ ಹೇಳಬೇಕು. ಆಕೆ ನಾಟಕ ಕಂಪನಿಗಳಲ್ಲಿ ರಾಣಿ ಪಾರ್ಟು ಮಾಡಿ ಹೆಸರಾದವರು. ಕೆಲವು ವರ್ಷಗಳ ಹಿಂದೆ ಸಂಡೂರಿನಲ್ಲಿ, ತುಂಬಿದ ಸಭೆಯ ಎದುರು, ಮಾತು ಮರೆತುಹೋಯಿತು. ಪರದೆಯ ಸಂದಿಯಿಂದ ಎಷ್ಟು ಪಿಸುಗುಟ್ಟಿದರೂ ಕಿವಿಗೆ ಬೀಳಲಿಲ್ಲ. ಜನ ಸೀಟಿ ಹೊಡೆದರು. ಮರುದಿನ ಬಣ್ಣದ ಪೆಟ್ಟಿಗೆ ಅಟ್ಟ ಸೇರಿತು. ಆಮೇಲೆ ಮನೆಯಲ್ಲಿ ನಾಟಕದ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು.

"ನಾ ಸುಮ್ನ ಮೂಲ್ಯಾಗ ಕುಂದರ್ತೀನಿ, ನೀವ್ ಆಡ್ರಿ" ಅಂದರು.

ಆಟ ಶುರುವಾಯಿತು. ನಾನು ಮತ್ತು ಮಂತ್ರವಾದಿ ನಾಗರಾಜ ಕರಡಿಧಾಮವಿರುವ ದರೋಜಿಯ ಕಡೆಯ ಕಾಡು ಹೊಕ್ಕು, ಕರಡಿಗಳ ರಾಣಿಯ ಗವಿಯ ಬಾಗಿಲಿಗೆ ಬಂದೆವು. ಉಳಿದ ಎಲ್ಲ ದನಿಗಳೂ ಸೂತ್ರಧಾರಿ ಸುಮಾಳವು. ಆದರೆ ಅವತ್ತು ಆಕೆಯ ಗಂಟಲು ಕೆಟ್ಟಿತ್ತು. (ಊರೆಲ್ಲ ಕೆಂಪು ಧೂಳು, ಗಂಟಲು ತಾನೇ ಏನು ಮಾಡೀತು?) ಆಕೆ ಮೈಕನ್ನು ಚಿಕ್ಕಮ್ಮನ ಕಡೆ ತಿರುಗಿಸಿದಳು.

"ಅಮ್ಮಾರ, ಈ ರಾಣಿ ನೀವಾಗ್ರಿ. ನಿಮ್ಮ ರಾಜ್ಯದ ಹೆಸರು ಜಾಂಬವತಿಪುರ. ಬಂದೋರು ಯಾರಂತ ಕೇಳ್ರಿ, ಸಾಕು."

"ಮಾತು ಎಲ್ಲೈತವ್ವಾ? ಬರ್ದು ಕೊಡು."

"ಬರ್ದಿಲ್ರಿ. ಬಾಯಿಗೆ ಬಂದದ್ದ ಮಾತು."

"ಮರೆತರ?"

ನಾಗರಾಜ ನಕ್ಕ. "ಬರ್ದ ಇಲ್ಲ ಅಂದ್ಮ್ಯಾಲ ಮರಿಯಾದು ಏನ್ರಿ ಅಮ್ಮಾರ?"

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು.

"ಯಾರದು?"

ಸುಮಾ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡಳು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ದನಿ ಅದು!

ಒಂದೇ ಮಾತು ಸಾಕು ಅಂದಿದ್ದೆವು. ರಾಣಿ ನಿಲ್ಲಬೇಕಲ್ಲ?

"ಎಲೈ ಮಾನವರೇ, ನನ್ನ ಗುಡ್ಡವೆಲ್ಲಿ? ಮಲಗುವಾಗ ಇದ್ದ ಗುಡ್ಡ ಏಳುವಷ್ಟರಲ್ಲಿ ಎಲ್ಲಿ ಹೋಯಿತು?"

ಮಂತ್ರವಾದಿಯ ಮುಖ ನೋಡಬೇಕಿತ್ತು. ಅವನಿಗೆ ಸಂಬಳ ಬರುವುದೇ ಗುಡ್ಡ ಅಗೆದು ಅದಿರು ಮಾರುವ ಗಣಿಯಿಂದ! ಆದರೆ ಇಲ್ಲ ಅನ್ನುವಂತಿಲ್ಲ.

"ಮಹಾರಾಣಿ, ಅದು... ಹಡಗು ಹತ್ತಿ ಪರದೇಶಕ್ಕ ಹೋತ್ರಿ."

"ನನ್ನನ್ನು ಕೇಳದೆಯೇ?"

"ಪರ್ಮಿಟ್ ಇತ್ರಿ ತಾಯಿ."

"ಅದರಲ್ಲಿ ಕರಡಿಗಳ ಹೆಬ್ಬೆರಳ ಗುರುತಿತ್ತೇ?"

ನಾಗರಾಜ ಮೈಕಿನಿಂದ ಹಿಂದೆ ಸರಿದ. (ಆಮೇಲೆ ಅಂದ: "ಸರ್, ಈ ಪ್ರಶ್ನೆಗೆ ನಮ್ಮ ಆಫೀಸ್ನಾಗೂ ಉತ್ತರ ಇಲ್ರಿ.") ಅವನನ್ನು ಕಾಪಾಡಲು ನಾನು ಕತ್ತಿ ಹಿರಿದೆ. ದಾಳ ಹಾಕಿದೆ. ಒಂದು ಬಿತ್ತು! ರಾಣಿ ಕೈ ಎತ್ತಿದರು. ನಾನು ಸತ್ತೆ.

"ಸತ್ನೇನು ಪಾಪ? ಅವಂಗ ಒಂದಿಷ್ಟು ಚಾ ಕೊಡ್ರಿ" ಅಂದರು ಚಿಕ್ಕಮ್ಮ, ತಮ್ಮ ಮಾಮೂಲಿ ದನಿಯಲ್ಲಿ. ಅದೂ ರೆಕಾರ್ಡ್ ಆಯಿತು.

ಉಳಿದವನು ನಾಗರಾಜ. ಅವನು ಕೈಮುಗಿದು ಕೇಳಿದ: "ಮಹಾರಾಣಿ, ನಿಮ್ಮ ರಾಜ್ಯದ ಹೆಸರು ಅಪ್ಪಣೆ ಆಗ್ಲಿ. ಗುಡ್ಡ ವಾಪಸ್ ತಂದು ಅಲ್ಲೇ ಇಡ್ತೀನಿ."

ಚಿಕ್ಕಮ್ಮ ಬಾಯಿ ತೆರೆದರು. ಮಾತು ಬರಲಿಲ್ಲ.

ಅವರ ಕಣ್ಣಿನಲ್ಲಿ ಸಂಡೂರಿನ ಆ ಸಭೆಯೇ ಕಾಣುತ್ತಿತ್ತು. ಹೆಸರು ನನಗೆ ಗೊತ್ತಿತ್ತು. ಹೇಳಿಕೊಡೋಣವೆಂದರೆ ನಾನು ಹೆಣ! ಹೇಳಿದರೂ ಅದೇ ಹಳೆಯ ಪಿಸುಮಾತಾಗುತ್ತಿತ್ತಲ್ಲವೇ? ಇವರನ್ನು ಯಾಕಾದರೂ ಕರೆತಂದೆನೋ ಅನ್ನಿಸಿತು.

ಆಗ ಅವರು ನಿಧಾನವಾಗಿ ತಲೆ ಎತ್ತಿದರು.

"ಮರೆತಿದ್ದೇನೆ. ಗುಡ್ಡ ಹೋದ ದಿನವೇ ನನ್ನ ರಾಜ್ಯದ ಹೆಸರೂ ನನ್ನ ನಾಲಿಗೆಯಿಂದ ಹೋಯಿತು. ತರುವುದಾದರೆ ಮೊದಲು ಅದನ್ನು ತಾ."

ಸುಮಾ ಟೇಬಲ್ ಗುದ್ದಿದಳು. "ಕೇಳಿದಿರಾ? ಯಾರೋ ರಾಣಿಗೆ ಮರೆವಿನ ಮಾಟ ಮಾಡಿದ್ದಾರೆ! ಮಂತ್ರವಾದಿ, ನಡೆ, ಆ ಹೆಸರನ್ನು ಹುಡುಕು!"

ಅಲ್ಲಿಂದ ಕತೆ ಓಡಿತು ನೋಡಿ. ಹಂಪಿಯ ಕಲ್ಲುಬಂಡೆಗಳನ್ನೆಲ್ಲ ಸುತ್ತಿ, ಹರಿಗೋಲಿನಲ್ಲಿ ತುಂಗಭದ್ರೆ ದಾಟಿ, ಹೆಸರು ಸಿಗುವ ಹೊತ್ತಿಗೆ ಕರೆಂಟ್ ಹೋಯಿತು. ಪುಣ್ಯಕ್ಕೆ ರೆಕಾರ್ಡಿಂಗ್ ಉಳಿಯಿತು. ಮನೆಗೆ ಹೋಗುವಾಗ ಆಟೋದಲ್ಲಿ ಚಿಕ್ಕಮ್ಮ ನನ್ನ ತೊಡೆಗೆ ಹೊಡೆದು ನಗತೊಡಗಿದರು.

"ಲೇ ಮಂಜಾ, ಮರೆತೆ ನೋಡು! ಎಲ್ಲಾರ ಮುಂದ ಮರೆತೆ! ಏನೂ ಆಗಲಿಲ್ಲಲೇ!"

ನಾವು ಬದುಕಿನಲ್ಲೂ ಹಾಗೇ ಅಲ್ಲವೇ? ಇಂಟರ್‌ವ್ಯೂಗೆ, ಹೆಣ್ಣು ನೋಡಲು, ಬಾಸ್ ಎದುರು ರಜೆ ಕೇಳಲು, ಎಲ್ಲಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತೇವೆ. ಒಂದು ಮಾತು ತಪ್ಪಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಎದುರಿಗಿದ್ದವರು ಸೀಟಿ ಹೊಡೆಯುವ ಬದಲು ಕತೆಯನ್ನು ಒಂದು ಹೆಜ್ಜೆ ಮುಂದೆ ತಳ್ಳಿದರೆ ಸಾಕು.

ಪಾಡ್‌ಕಾಸ್ಟ್ ಕೇಳಿದವರು ಹೆಚ್ಚೇನಿಲ್ಲ. ಆದರೆ ಕೇಳಿದವರಲ್ಲಿ ಒಬ್ಬಳು ಚಿಕ್ಕಮ್ಮನ ಹಳೆಯ ಕಂಪನಿ ಮಾಲೀಕರ ಮಗಳು. ಆಕೆ ಅಪ್ಪನಿಗೂ ಕೇಳಿಸಿದಳು. ಮೊನ್ನೆ ಆ ಯಜಮಾನರೇ ನನಗೆ ಫೋನ್ ಮಾಡಿದರು. ಕಂಪ್ಲಿಯಲ್ಲಿ ನಾಟಕವಂತೆ, ರಾಣಿ ಪಾರ್ಟು ಮಾಡಲು ಶಾರದಮ್ಮ ಬರುತ್ತಾರಾ ಅಂತ ಕೇಳಿದರು. ನಾನು ಅಂಜುತ್ತಲೇ ಚಿಕ್ಕಮ್ಮನಿಗೆ ಹೇಳಿದೆ.

"ಬರ್ತಾಳಂತ ಹೇಳು. ಮಾತು ನೆನಪಿದ್ರ ಅವ್ರು ಬರ್ದದ್ದು ಆಡ್ತೀನಿ. ಮರೆತರ ನಂದು."

ಚಿಕ್ಕಮ್ಮನ ಬಗ್ಗೆ ನನಗೀಗ ಚಿಂತೆಯಿಲ್ಲ. ಆದರೆ ನಾಟಕದ ದಿನ ಆಕೆಯ ಎದುರು ನಿಲ್ಲಬೇಕಾದ ಆ ಬಡಪಾಯಿ ರಾಜ ಯಾರಪ್ಪಾ?