ತಾಯಿಲ್ಲದ ಮೊಟ್ಟೆಗಳು

ಚಿರತೆಯಂಥ ಚುಕ್ಕೆಯಿರುವ ಹಲ್ಲಿಗಳನ್ನು ಸಾಕಿ ಮರಿ ಮಾಡಿಸುವ ಬೀಗ ರಿಪೇರಿಯವನಿಗೆ ಓಣಿಯವರು 'ಹಲ್ಲಿ ಮಾವ' ಎನ್ನದೆ ಇನ್ನೇನೆಂದಾರು? ಅವನ ಮುದಿ ಹಲ್ಲಿ ಕೊನೆಯ ಎರಡು ಮೊಟ್ಟೆಯಿಟ್ಟು ಸತ್ತಿತು. ಹೊರಳಿದರೆ ಒಳಗಿನ ಜೀವ ಉಳಿಯದೆಂದು, ಮೇಲ್ಭಾಗ ಗೊತ್ತಾಗಲು ಪೆನ್ಸಿಲ್ ಚುಕ್ಕೆಯಿಟ್ಟು ಅವನ್ನು ದೀಪದ ಬಿಸಿಯ ಕಾವುಪೆಟ್ಟಿಗೆಯಲ್ಲಿಟ್ಟ. ಪರವೂರಿನ ಕೆಲಸಕ್ಕೆ ಹೊರಟಾಗ ಅಮ್ಮನಿಗೆ "ಜೋಪಾನ" ಎಂದನಷ್ಟೇ.

ಮರಳಿ ಬಂದು ನೋಡಿದರೆ ಚುಕ್ಕೆಗಳು ಅಡಿಗೆ ಹೋಗಿದ್ದವು.

"ಕೋಳಿ ಮಾಡೋ ಹಾಗೆ ದಿನಾ ಹೊರಳಿಸ್ದೆ ಕಣೋ," ಎಂದಳು ಜೀವಮಾನವೆಲ್ಲ ಕೋಳಿ ಸಾಕಿದ್ದ ಅಮ್ಮ. "ಪಾಪ, ತಾಯಿಲ್ಲದವು."

ಅವನು ಪೆಟ್ಟಿಗೆಯ ಮುಚ್ಚಳ ಮುಚ್ಚಿದ. "ಒಳ್ಳೇದು ಮಾಡ್ದೆ ಬಿಡಮ್ಮ."

ಮೊಟ್ಟೆಗಳು ಕೊಳೆತವು, ಅವಳಿಗೆ ಕಾಣದಂತೆ ಹೂತು ಬಂದ.

ಅವಳು ಈಗಲೂ ಕೇಳುತ್ತಾಳೆ: "ಮರಿ ಆಯ್ತೇನೋ?"

"ಇವು ಸ್ವಲ್ಪ ತಡ ಕಣಮ್ಮ," ಎನ್ನುತ್ತಾನೆ. ಖಾಲಿ ಪೆಟ್ಟಿಗೆಯ ದೀಪವನ್ನು ಅವನಿನ್ನೂ ಆರಿಸಿಲ್ಲ.